ಸರಾಗ ಮಾತಿನ ಬಹುಮಾನ

ವಾಕ್ ಮತ್ತು ಶ್ರವಣ ವಿಭಾಗದಲ್ಲಿ ಕಿವಿಯ ಗುಗ್ಗೆ ತೊಳೆಯುವ ಕೆಲಸ ಡೆಲ್ಫೀನ್ ಟಾರ್ವರ್‌ಳದು.

ಊರಿನ ಮುದುಕರ, ಮಕ್ಕಳ, ಮೀನಿನ ಕಾರ್ಖಾನೆಯ ಕೂಲಿಗಳ ಕಿವಿಯೊಳಗೆ ಹೋಗಿ ಬಂದ ಪರೀಕ್ಷಾ ಯಂತ್ರದ ರಬ್ಬರ್ ತುದಿಗಳೆಲ್ಲ ಸಂಜೆಯ ಹೊತ್ತಿಗೆ ಒಂದು ಸ್ಟೀಲಿನ ಬೋಗುಣಿಯಲ್ಲಿ ಬಂದು ಬೀಳುತ್ತಿದ್ದವು. ಹಳದಿ ಗುಗ್ಗೆ, ಕಂದು ಗುಗ್ಗೆ, ಕೆಲವು ಮಹಾನುಭಾವರದು ಡಾಂಬರಿನಂಥ ಕಪ್ಪು ಗುಗ್ಗೆ. ಒಂದೊಂದನ್ನೂ ಸಣ್ಣ ಬ್ರಷ್ಷಿನಿಂದ ಉಜ್ಜಬೇಕು. ಆಮೇಲೆ ಮಕ್ಕಳು ಜೊಲ್ಲು ಸುರಿಸಿದ ಆಟಿಕೆಗಳು. ಬ್ಲೀಚಿನ ನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ಸಂದುಗಳು ಬಿರಿದುಹೋಗಿದ್ದವು. ವಾರಕ್ಕೊಮ್ಮೆ ಶ್ರವಣ ಪರೀಕ್ಷೆಯ ವ್ಯಾನು ಹಳ್ಳಿಗಳಿಗೆ ಹೊರಟರೆ ಜನರೇಟರನ್ನು ಹೊರುವವಳೂ ಅವಳೇ.

ಇದಕ್ಕೆ ವಿಶ್ವವಿದ್ಯಾಲಯದ ಭಾಷೆಯಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಎಂದು ಹೆಸರು. ಫೀಸು ಮಾಫಿ, ತಿಂಗಳಿಗೆ ಒಂದಿಷ್ಟು ಪುಡಿಗಾಸು, ಬದಲಿಗೆ ವಿಭಾಗ ಹೇಳಿದ ಚಾಕರಿ. ಸಿಕ್ಕವರು ಪುಣ್ಯವಂತರು ಎಂದೇ ಎಲ್ಲರ ಎಣಿಕೆ.

"ಅಸಿಸ್ಟೆಂಟು ಅಂದ್ರೆ ಏನ್ ಮಾಡ್ತೀಯೇ ಅಲ್ಲಿ?" ಎಂದು ಅವಳ ತಾಯಿ ಅರ್ನಸ್ಟೀನ್ ಒಮ್ಮೆ ಕೇಳಿದ್ದಳು. ಆಕೆಗೆ ಮಿಸಿಸಿಪ್ಪಿಯ ಡೆಲ್ಟಾದಲ್ಲಿ, ಕ್ಯಾಟ್‌ಫಿಶ್ ಕಾರ್ಖಾನೆಯಲ್ಲಿ, ಮೀನಿನ ಚರ್ಮ ಸುಲಿಯುವ ಕೆಲಸ.

"ನೀ... ನೀನು ಮೀನು ತೊ-ತೊಳೀತೀಯ. ನಾ-ನಾನು ಕಿವಿ ತೊಳೀತೀನಿ."

"ಹಂಗಾದ್ರೆ ನಂದೇ ವಾಸಿ ಬುಡು. ನಮ್ ಮೀನು ಸತ್ತಿರ್ತದೆ, ಮಾತಾಡಕಿಲ್ಲ."

ಡೆಲ್ಫೀನ್ ಉಗ್ಗುತ್ತಿದ್ದಳು. ಮಾತು ಸರಿಮಾಡುವ ವಿದ್ಯೆ ಕಲಿಯಲು ಬಂದ ಉಗ್ಗಿ. ಅದೂ ಅಲ್ಲೊಂದು ಇಲ್ಲೊಂದು ಅಕ್ಷರ ಮುಗ್ಗರಿಸುವ ನಾಜೂಕಿನ ಉಗ್ಗಲ್ಲ. ಪದ ಗಂಟಲಿನಲ್ಲಿ ಸಿಕ್ಕಿಕೊಂಡರೆ ಅವಳ ಕತ್ತಿನ ನರ ಹಗ್ಗದ ಹಾಗೆ ಸೆಟೆಯುತ್ತಿತ್ತು. ದವಡೆ ಬೀಗ ಹಾಕಿಕೊಳ್ಳುತ್ತಿತ್ತು. ಎಡಗಣ್ಣು ಮುಚ್ಚಿ ತಲೆ ಒಂದು ಸಲ ಕೊಸರುತ್ತಿತ್ತು. ಎಲ್ಲಕ್ಕಿಂತ ಕಷ್ಟ ಅವಳ ಹೆಸರೇ. ಬೇರೆ ಪದವಾದರೆ ಅದನ್ನು ತಪ್ಪಿಸಿ ಪಕ್ಕದ ಪದದಿಂದ ದಾಟಿಕೊಳ್ಳಬಹುದು. ಹೆಸರಿಗೆ ಪಕ್ಕದ ಪದ ಎಲ್ಲಿಂದ ತರುವುದು?

ಇಡೀ ತರಗತಿಯಲ್ಲಿ ಕರಿಯಳು ಅವಳೊಬ್ಬಳೇ. ಉಗ್ಗಿಯೂ ಅವಳೊಬ್ಬಳೇ. ವಿಭಾಗಕ್ಕೆ ಒಂದೇ ಫೋಟೋದಲ್ಲಿ ಎರಡು ಲಾಭ. ಮುಂಬಾಗಿಲ ಪಕ್ಕದಲ್ಲೇ ಆಳೆತ್ತರದ ಚಿತ್ರ ಹಾಕಿದ್ದರು. ಹಲ್ಲೆಲ್ಲ ಕಾಣುವಂತೆ ನಗುವ ಡೆಲ್ಫೀನ್, ಕೆಳಗೆ ದಪ್ಪ ಅಕ್ಷರದಲ್ಲಿ "ಪ್ರತಿ ದನಿಗೂ ಬೆಲೆಯಿದೆ". ಅದರ ಗಾಜು ಒರೆಸುವುದೂ ಅವಳದೇ ಕೆಲಸ.

ಮೊದಲ ವರ್ಷ ಚಿಕಿತ್ಸೆಗೆಂದು ಅವಳಿಗೆ ಒಂದು ಮಗುವನ್ನು ಕೊಟ್ಟಿದ್ದರು. ಪುಟ್ಟ ಹುಡುಗಿ, 'ರ'ಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಕಪ್ಪೆಗಳನ್ನು ಹಾರಿಸುತ್ತ ಬಹಳ ಚೆನ್ನಾಗಿ ಹೊಂದಿಕೊಂಡಿದ್ದರು. ಎರಡನೆಯ ವಾರ ಮಗುವಿನ ತಾಯಿ ನಿರ್ದೇಶಕಿಯ ಕೋಣೆಗೆ ನುಗ್ಗಿದಳು.

"ನನ್ ಮಗಳಿಗೆ 'ರ' ಬರಲ್ಲ ಅಂತ ಕರ್ಕೊಂಡ್ ಬಂದೆ. ಇವಳ ಹತ್ರ ಬಿಟ್ರೆ ಇರೋ ಅಕ್ಷರಾನೂ ಹೋಗತ್ತೆ. ಇದು ಅಂಟಲ್ವಾ?"

ಉಗ್ಗು ನೆಗಡಿಯಲ್ಲ, ಅಂಟುವುದಿಲ್ಲ ಎಂದು ಹೇಳಬೇಕಾದವರು ನಿರ್ದೇಶಕಿ ಡಾಕ್ಟರ್ ಲೊರೇನ್ ಪ್ರುವಿಟ್. ಉಗ್ಗಿನ ಬಗ್ಗೆ ದಪ್ಪ ಪುಸ್ತಕ ಬರೆದವರು. ಅವರು ಆ ತಾಯಿಗೆ ಕಾಫಿ ತರಿಸಿಕೊಟ್ಟರು. ಮರುದಿನ ಮಗುವನ್ನು ಮೇಸಿಗೆ ಒಪ್ಪಿಸಿದರು. ಮೇಸಿ ಡೆಲ್ಫೀನಳ ಸಹಪಾಠಿ, ಅವಳೂ ಅಸಿಸ್ಟೆಂಟು, ಜೇನು ಸುರಿದಂತೆ ಮಾತಾಡುವ ಬಿಳಿ ಹುಡುಗಿ.

"ನಿನ್ನಲ್ಲಿ ತುಂಬಾ ಶಕ್ತಿ ಇದೆ ಡೆಲ್ಫೀನ್," ಎಂದು ಪ್ರುವಿಟ್ ಅವಳ ಕೈ ಹಿಡಿದುಕೊಂಡು ಹೇಳಿದರು. ಅವರ ಕೈ ಮೆತ್ತಗಿತ್ತು, ಯಾವತ್ತೂ ಬ್ಲೀಚು ಕಾಣದ ಕೈ. "ಆದ್ರೆ ನೀನಿನ್ನೂ ಸಿದ್ಧವಾಗಿಲ್ಲಮ್ಮ. ಮೊದಲು ನಿನ್ನ ಮಾತು. ಆಮೇಲೆ ಬೇರೆಯವರದು."

ರೋಗಿಗಳ ಜೊತೆ ಕೂರದೆ ಪದವಿ ಇಲ್ಲ. ಇಂತಿಷ್ಟು ತಾಸು ಚಿಕಿತ್ಸೆ ಕೊಟ್ಟಿರಬೇಕು, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೂ ಮನೆಗೆ ದಾರಿ. ಇದು ಪ್ರುವಿಟ್‌ಗೆ ಗೊತ್ತಿತ್ತು. ಡೆಲ್ಫೀನಳಿಗೂ ಗೊತ್ತಿತ್ತು.

ಹಾಗೆಂದು ಅವಳನ್ನು ಪೂರ್ತಿ ಮರೆತಿರಲಿಲ್ಲ. ಉಗ್ಗಿನ ಪಾಠದ ದಿನ ನೆನಪು ಮಾಡಿಕೊಳ್ಳುತ್ತಿದ್ದರು.

"ಎಲ್ರೂ ಈ ಕಡೆ ನೋಡಿ. ಡೆಲ್ಫೀನ್, ನಿನ್ನ ಹೆಸರು, ಊರು ಹೇಳಮ್ಮ."

ಅವಳು ಎದ್ದು ನಿಲ್ಲುತ್ತಿದ್ದಳು. ಪದ ಕಚ್ಚಿಕೊಳ್ಳುತ್ತಿತ್ತು. ಪ್ರುವಿಟ್ ಕೋಲಿನಿಂದ ಅವಳ ಮುಖದ ಕಡೆ ತೋರಿಸಿ, "ಕಣ್ಣು ನೋಡಿ. ಈಗ ಕತ್ತು. ಬಹಳ ಸುಂದರ ಉದಾಹರಣೆ," ಎನ್ನುತ್ತಿದ್ದರು. ದನದ ಡಾಕ್ಟರು ಹಸುವಿನ ಕೆಚ್ಚಲು ತೋರಿಸುವ ಹಾಗೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು.

ಅದೂ ಸಾಲದೆಂಬಂತೆ ಫೋನು. ನಾಳೆ ಬರಬೇಕಾದ ರೋಗಿಗಳಿಗೆಲ್ಲ ಹಿಂದಿನ ದಿನ ಫೋನು ಮಾಡಿ ನೆನಪಿಸಬೇಕು. ಅದು ಡೆಲ್ಫೀನಳಿಗೆ "ಒಳ್ಳೆ ಅಭ್ಯಾಸ" ಎಂದು ಪ್ರುವಿಟ್ ತೀರ್ಮಾನಿಸಿದ್ದರು. ಅವಳು ನಮಸ್ಕಾರ ಹೇಳಲು ಉಸಿರು ಕೂಡಿಸುವಷ್ಟರಲ್ಲಿ ಅತ್ತ ಕಡೆಯವರು ಇಟ್ಟುಬಿಡುತ್ತಿದ್ದರು. ಒಬ್ಬ ಹೆಂಗಸು ಬರೀ ಉಸಿರಿನ ಸದ್ದು ಕೇಳಿ, ಯಾವನೋ ಪೋಲಿ ಫೋನು ಮಾಡಿದ್ದಾನೆಂದು ತಿಳಿದು, ಅವಳ ವಂಶವನ್ನೆಲ್ಲ ಜಾಲಾಡಿ, ಪೊಲೀಸರಿಗೆ ಹೇಳುತ್ತೇನೆ ಎಂದು ಅಬ್ಬರಿಸಿದಳು. ಡೆಲ್ಫೀನ್ ಪಟ್ಟು ಬಿಡಲಿಲ್ಲ. ಬೈಗುಳ ಮುಗಿಯುವವರೆಗೂ ಕಾದಳು.

"ಆ-ಆಯ್ತಾ? ನಾ-ನಾಳೆ ಹತ್ತು ಗಂಟೆಗೆ ನಿ-ನಿಮ್ಮ ಯಜಮಾನ್ರ ಕಿ-ಕಿವಿ ಪರೀಕ್ಷೆ."

ಥಿಯೋಟಿಸ್ ಮಗೀ ಬಂದದ್ದು ಆಗ. ನಗರದ ಬಸ್ಸಿನ ಚಾಲಕ, ಐವತ್ತು ದಾಟಿದ ದಢೂತಿ ಮನುಷ್ಯ. ಬಸ್ಸಿನಲ್ಲಿ ಪ್ರತಿ ನಿಲ್ದಾಣದ ಹೆಸರನ್ನೂ ಮೈಕಿನಲ್ಲಿ ಹೇಳಬೇಕೆಂದು ಹೊಸ ಮೇಲಧಿಕಾರಿ ಆಜ್ಞೆ ಹೊರಡಿಸಿದ್ದ. ಥಿಯೋಟಿಸ್ ಒಂದು ಹೆಸರು ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣದಲ್ಲಿರುತ್ತಿತ್ತು. ಮಾತು ರಿಪೇರಿ ಮಾಡಿಸಿಕೊಂಡು ಬಾ, ಇಲ್ಲದಿದ್ದರೆ ಶೆಡ್ಡಿನಲ್ಲಿ ಬಸ್ಸು ತೊಳೆಯಲು ಹೋಗು ಎಂದಿದ್ದ ಅಧಿಕಾರಿ.

ಅವನನ್ನೂ ಮೇಸಿಗೇ ಕೊಟ್ಟರು. ಮೇಸಿ ಅವನಿಗೆ ಪದ ಎಳೆಯುವುದನ್ನು ಕಲಿಸಿದಳು. ಪ್ರತಿ ಸ್ವರವನ್ನೂ ರಬ್ಬರಿನ ಹಾಗೆ ಹಿಗ್ಗಿಸುವುದು. ಒಂದು ಮಧ್ಯಾಹ್ನ ಅವನು ಹೊರಬಂದು ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅಲ್ಲಿ ಡೆಲ್ಫೀನ್ ಬೇಯಿಸಿದ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದಳು. ಅವಳು ಪೊಟ್ಟಣ ಮುಂದೆ ಹಿಡಿದಳು.

"ಎ-ಎಳೆದೂ ಎಳೆದೂ," ಎಂದ ಥಿಯೋಟಿಸ್, "ಹೆ-ಹೆರಿಗೆ ಆಗದೇ ಇರೋ ಎ-ಎಮ್ಮೆ ಥರ ಆ-ಆಗೋಗಿದೀನಿ ಮಗಳೇ. ನಿ-ನಿನ್ನೆ ಬಸ್ನಲ್ಲಿ ಎ-ಎಳೆದೆ. ಮೊ-ಮೊದ್ಲು ಉಗ್ಗಿದ್ರೆ ಪಾ-ಪಾಪ ಅಂತಿದ್ರು. ಈಗ ಕು-ಕುಡಿದಿದಾನೆ ಅಂತಾರೆ."

ಡೆಲ್ಫೀನ್ ನಕ್ಕುಬಿಟ್ಟಳು. ಕಡಲೆಕಾಯಿ ನೆತ್ತಿಗೇರಿತು.

"ಮಿ-ಮಿಸ್ಟರ್ ಥಿಯೋಟಿಸ್, ಹೋ-ಹೋಟೆಲ್ನಲ್ಲಿ ನಿ-ನಿಮಗೆ ಬೇ-ಬೇಕಾದ್ದು ಯಾವತ್ತಾದ್ರೂ ತಿಂ-ತಿಂದಿದೀರಾ?"

ಅವನು ಅವಳನ್ನು ದಿಟ್ಟಿಸಿದ. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಕ್ಕ. "ಮೂ-ಮೂವತ್ತು ವರ್ಷದಿಂದ ಎಲೆಕೋಸಿನ ಪಲ್ಯ ತಿಂ-ತಿಂತಿದೀನಿ. ನಂಗೆ ಎಲೆಕೋಸು ಕಂಡ್ರೆ ಆಗಲ್ಲ. ಬಾ-ಬಾಯಿಗೆ ಬ-ಬರೋದು ಅದೊಂದೇ."

ಆ ದಿನದಿಂದ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದರು. ಮಾತಾಡಿದರು ಎಂದರೆ ಉಗ್ಗಿದರು, ಮನಸಾರೆ, ಹೊಟ್ಟೆ ತುಂಬ. ಒಬ್ಬರ ಪದ ಸಿಕ್ಕಿಕೊಂಡರೆ ಇನ್ನೊಬ್ಬರು ಆಕಾಶ ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ, ಬಾಯಿಗೆ ಕೈ ಹಾಕಿ ಪದ ಕಿತ್ತುಕೊಡುತ್ತಿರಲಿಲ್ಲ. ಕಾಯುತ್ತಿದ್ದರು, ಅಷ್ಟೇ. ಒಂದು ವಿಚಿತ್ರವನ್ನು ಡೆಲ್ಫೀನ್ ಗಮನಿಸಿದಳು. ಅಲ್ಲಿ ಉಗ್ಗು ಕಡಿಮೆಯಾಗಲಿಲ್ಲ. ಆದರೆ ಕುತ್ತಿಗೆ ನೋಯುತ್ತಿರಲಿಲ್ಲ.

ಥಿಯೋಟಿಸ್ ಪ್ರುವಿಟ್ ಬಳಿಗೆ ಹೋಗಿ, ನನ್ನನ್ನು ಆ ಕಿವಿ ತೊಳೆಯುವ ಹುಡುಗಿಗೆ ಕೊಡಿ ಎಂದು ಕೇಳಿಯೂ ಕೇಳಿದ. ಕೇಳಿ ಮುಗಿಸಲು ಅವನಿಗೆ ಸಾಕಷ್ಟು ಹೊತ್ತೇ ಹಿಡಿಯಿತು. "ಕುಂಟರು ಕುಂಟರನ್ನ ನಡೆಸೋಕಾಗತ್ತಾ ಮಿಸ್ಟರ್ ಮಗೀ?" ಎಂದು ಪ್ರುವಿಟ್ ನಕ್ಕು ಕಳಿಸಿದರು.

ವಸಂತ ಬಂತು. ಜೊತೆಗೆ ವಿದ್ಯಾರ್ಥಿಗಳ ಸಾಧನೆಯ ದಿನವೂ ಬಂತು. ವರ್ಷಕ್ಕೊಂದು ಸಲ ದಾನಿಗಳನ್ನು ಕರೆದು ಊಟ ಹಾಕಿ, ಯಾರ ಪ್ರಬಂಧ ಎಲ್ಲಿ ಅಚ್ಚಾಯಿತು, ಯಾರಿಗೆ ಯಾವ ಪದಕ ಬಂತು ಎಂದು ತೋರಿಸಿ, ಅವರ ಕಣ್ಣು ತೇವವಾದ ಗಳಿಗೆ ನೋಡಿ ಚೆಕ್ಕು ಬರೆಸಿಕೊಳ್ಳುವ ದಿನ. ಪ್ರುವಿಟ್ ಡೆಲ್ಫೀನಳನ್ನು ಕರೆಸಿದರು.

"ಈ ಸಲ ಹೊಸ ಬಹುಮಾನ ಇಟ್ಟಿದೀವಿ. ಧೈರ್ಯಶಾಲಿ ದನಿ ಅಂತ. ಅದು ನಿನಗೇ."

"ಯಾ-ಯಾಕೆ?"

"ಯಾಕೆ ಅಂದ್ರೆ? ನಿನ್ನ ಪಯಣಕ್ಕೆ." ಪ್ರುವಿಟ್ ಮುಂದಕ್ಕೆ ಬಾಗಿದರು. "ನೀನು ವೇದಿಕೆ ಮೇಲೆ ಮೂರೇ ಮೂರು ನಿಮಿಷ ಮಾತಾಡಬೇಕು. ಸರಾಗವಾಗಿ. ಒಂದೂ ತಡೆ ಇಲ್ಲದೆ. ನಮ್ಮ ವಿಧಾನದಿಂದ ಏನಾಗತ್ತೆ ಅಂತ ಅವರು ಕಣ್ಣಾರೆ ನೋಡಬೇಕು. ಮಾಡಿ ತೋರಿಸು. ಮುಂದಿನ ಸೆಮಿಸ್ಟರ್‌ಗೆ ನಿನಗೆ ರೋಗಿಗಳನ್ನ ಕೊಡ್ತೀನಿ. ಬೇಕಾದಷ್ಟು."

ಡೆಲ್ಫೀನ್ ಒಪ್ಪಿಕೊಂಡಳು. ಯಾಕೆ ಒಪ್ಪಿದಳೆಂದು ಕೇಳುವವರು ಹಸಿದವರ ಮುಂದೆ ತಟ್ಟೆಯಿಟ್ಟು ನೋಡಬೇಕು. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವಳು ಅವಳೊಬ್ಬಳೇ. ಬರಿಗೈಯಲ್ಲಿ ವಾಪಸಾದರೆ ಅವ್ವನ ಪಕ್ಕದಲ್ಲೇ ನಿಂತು ಮೀನು ಸುಲಿಯಬೇಕು.

ಅಭ್ಯಾಸ ಶುರುವಾಯಿತು. ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಉಸಿರಾಡು. ಸ್ವರ ಎಳೆ. ತುಟಿ ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಿಸು. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಬರುತ್ತಿತ್ತು. ಪ್ರುವಿಟ್ ಒಳಗೆ ಕಾಲಿಟ್ಟ ಕೂಡಲೇ ಕತ್ತು ಸೆಟೆಯುತ್ತಿತ್ತು. ದಿನ ಹತ್ತಿರ ಬಂದ ಹಾಗೆ ಉಗ್ಗು ಹೆಚ್ಚಿತು. ಗಂಟಲು ಒಡೆದು ರಕ್ತದ ರುಚಿ ಬಂತು. ಕೊನೆಗೆ ಪ್ರುವಿಟ್‌ಗೆ ಉಪಾಯ ಹೊಳೆಯಿತು.

"ಒಂದ್ ಕೆಲ್ಸ ಮಾಡೋಣ. ಮೊದಲೇ ರೆಕಾರ್ಡ್ ಮಾಡ್ಕೊಳ್ಳೋಣ. ಸರಿ ಬಂದ ತುಂಡುಗಳನ್ನ ಮೇಸಿ ಜೋಡಿಸ್ತಾಳೆ. ಆ ದಿನ ಸ್ಪೀಕರ್‌ನಲ್ಲಿ ಅದು ಬರತ್ತೆ. ನೀನು ಬರೀ ತುಟಿ ಆಡಿಸಿದ್ರೆ ಸಾಕು."

ಡೆಲ್ಫೀನ್ ಅವರ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾರೇನೋ ಎಂದು. ಮಾಡುತ್ತಿರಲಿಲ್ಲ.

"ದನಿ ನಿಂದೇ ತಾನೆ? ಇದರಲ್ಲಿ ಸುಳ್ಳೇನಿದೆ?" ಎಂದರು ಪ್ರುವಿಟ್.

ಮೇಸಿ ತುಂಡುಗಳನ್ನು ಜೋಡಿಸಿದಳು. ಒಂದು ದಿನದ್ದು 'ನನ್ನ', ಇನ್ನೊಂದು ದಿನದ್ದು 'ಹೆಸರು', ಮತ್ತೊಂದು ದಿನ ಸುಸ್ತಾಗಿ ಪಿಸುಗುಟ್ಟಿದಾಗ ಸಿಕ್ಕಿದ 'ಡೆಲ್ಫೀನ್'. ಕೌದಿ ಹೊಲಿದ ಹಾಗೆ. ಕೇಳಿಸಿದಾಗ ಡೆಲ್ಫೀನಳ ತೋಳಿನ ಕೂದಲು ನಿಂತವು. ತನ್ನದೇ ಹೆಣ ಮಾತಾಡಿದ ಹಾಗಿತ್ತು.

"ಚೆನ್ನಾಗಿದೆ ಅಲ್ವಾ?" ಎಂದಳು ಮೇಸಿ. ಆಮೇಲೆ ಕಣ್ಣು ತಪ್ಪಿಸಿ, "ನಂಗೂ ಇದು ಸರಿ ಕಾಣಲ್ಲ ಕಣೇ. ಆದ್ರೆ ನನ್ನ ಅಸಿಸ್ಟೆಂಟ್‌ಶಿಪ್ಪೂ ಅವರ ಕೈಲೇ ಇದೆ," ಎಂದಳು.

ಸಾಧನೆಯ ದಿನ ಅರ್ನಸ್ಟೀನ್ ಕಾರ್ಖಾನೆಗೆ ರಜೆ ಹಾಕಿ, ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ಬಂದಳು. ಎಷ್ಟು ಸೋಪು ಹಾಕಿದರೂ ಹೋಗದ ಮೀನಿನ ವಾಸನೆಗೆ ಗುಲಾಬಿ ಅತ್ತರು ಸುರಿದುಕೊಂಡಿದ್ದಳು. ಥಿಯೋಟಿಸನೂ ಬಂದಿದ್ದ. "ಗುಣಮುಖ"ರ ಸಾಲಿನಲ್ಲಿ ಅವನನ್ನು ಕೂರಿಸಿ, ದಯವಿಟ್ಟು ಏನೂ ಮಾತಾಡಬೇಡಿ ಎಂದು ಹೇಳಿದ್ದರು.

ಕೋಳಿ ಊಟ ಮುಗಿಯಿತು. ಮೇಸಿಯ ಪ್ರಬಂಧಕ್ಕೆ ಪದಕ, ಇನ್ನೊಬ್ಬಳ ಕಿವಿ ಸಂಶೋಧನೆಗೆ ಪದಕ. ಚಪ್ಪಾಳೆ. ದೀಪ ಆರಿತು. ಪ್ರುವಿಟ್ ಮೈಕು ಹಿಡಿದು, "ಈಗ ಒಂದು ಹೃದಯಸ್ಪರ್ಶಿ ಪಯಣ. ಮೊದಲು ಹೇಗಿದ್ದಳು ಅಂತ ನೋಡಿ," ಎಂದರು.

ಪರದೆಯ ಮೇಲೆ ಡೆಲ್ಫೀನಳ ಮುಖ ಬಂತು. ಗೋಡೆಯಷ್ಟು ದೊಡ್ಡದು. ಮೊದಲ ತಿಂಗಳು, ಇದು ಸಂಶೋಧನೆಗೆ ಮಾತ್ರ ಎಂದು ಹೇಳಿ ತೆಗೆದ ವಿಡಿಯೋ. ಹೆಸರು ಹೇಳು ಎಂದಿದ್ದರು. ಮುಚ್ಚಿದ ಕಣ್ಣು, ಸೊಟ್ಟಗಾದ ಬಾಯಿ, ತುಟಿಯ ಅಂಚಿನಲ್ಲಿ ಉಗುಳು. ಬರೀ ಹೆಸರಿನ ತುಂಡನ್ನು ಕತ್ತರಿಸಿ ಮೂರು ಸಲ ಹಿಂದೆ ಹಿಂದೆಯೇ ತೋರಿಸಿದರು. ಸಭೆಯಲ್ಲಿ "ಅಯ್ಯೋ ಪಾಪ" ಎಂಬ ಗುಸುಗುಸು ಹರಿದಾಡಿತು. ಯಾರೋ ಹಿಂದಿನ ಸಾಲಿನಲ್ಲಿ ತಡೆಯಲಾರದೆ ಕಿಸಕ್ಕೆಂದರು.

ಕತ್ತಲೆಯಲ್ಲಿ ಅವ್ವನ ದನಿ ಕೇಳಿಸಿತು, ಮೆಲ್ಲಗೆ ಅಲ್ಲ. "ನನ್ ಮಗಳ ಮಕ ಹಿಂಗೆ ತೋರ್ಸಕ್ಕೆ ಯಾವೋಳು ಯೋಳುದ್ಲು ಇವರಿಗೆ?"

ದೀಪ ಹತ್ತಿತು. ಚಪ್ಪಾಳೆಯ ನಡುವೆ ಡೆಲ್ಫೀನ್ ವೇದಿಕೆ ಹತ್ತಿದಳು. ಹತ್ತುವಾಗಲೂ ಅವಳು ತುಟಿ ಆಡಿಸಬೇಕೆಂದೇ ಇದ್ದಳು. ಮೈಕಿನ ಮುಂದೆ ನಿಂತು ತಲೆಯೆತ್ತಿದಾಗ ಮೊದಲು ಕಂಡದ್ದು ಅವ್ವನ ನೇರಳೆ ಟೋಪಿ. ಅವ್ವ ಟೋಪಿಯ ಅಂಚನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದಳು. ಅವ್ವ ಯಾರಿಗೂ ಯಾವತ್ತೂ ತಲೆ ತಗ್ಗಿಸಿದವಳಲ್ಲ.

ಸ್ಪೀಕರಿನಿಂದ ದನಿ ಬಂತು. "ನಮಸ್ಕಾರ. ನನ್ನ ಹೆಸರು ಡೆಲ್ಫೀನ್ ಟಾರ್ವರ್."

ಡೆಲ್ಫೀನ್ ಬಾಯಿ ಮುಚ್ಚಿಕೊಂಡು ನಿಂತಳು.

"ಈ ವಿಭಾಗಕ್ಕೆ ಬರುವ ಮುಂಚೆ ನನಗೆ ದನಿಯೇ ಇರಲಿಲ್ಲ," ಎಂದಿತು ದನಿ. ಎಣ್ಣೆ ಹೊಯ್ದ ಹಾಗೆ ಸರಾಗ. ಡೆಲ್ಫೀನ್ ತುಟಿಯನ್ನು ಒಳಗೆ ಕಚ್ಚಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಸ್ಪೀಕರಿನ ಕಡೆಗೇ ತಿರುಗಿ ಕುತೂಹಲದಿಂದ ಕೇಳಿದಳು. ಪಕ್ಕದ ಮನೆಯವಳು ಚಾಡಿ ಹೇಳುತ್ತಿದ್ದರೆ ಕೇಳುವ ಹಾಗೆ.

"ಡಾಕ್ಟರ್ ಪ್ರುವಿಟ್ ನನಗೆ ಹೊಸ ಜನ್ಮ ಕೊಟ್ಟರು," ಎಂದಿತು ದನಿ.

ಡೆಲ್ಫೀನ್ ಹುಬ್ಬೇರಿಸಿದಳು. "ಹೌದಾ?" ಎನ್ನುವಂತೆ. ದಾನಿಗಳ ಸಾಲಿನಲ್ಲಿ ಒಬ್ಬ ಮುದುಕ ತನ್ನ ಕಿವಿಯ ಯಂತ್ರ ತೆಗೆದು ಅಲ್ಲಾಡಿಸಿ ಮತ್ತೆ ಹಾಕಿಕೊಂಡ. ಪ್ರುವಿಟ್ ಮೊದಲ ಸಾಲಿನಿಂದ ತಮ್ಮ ತುಟಿಯನ್ನು ತಾವೇ ಅಗಲಿಸಿ ಅಗಲಿಸಿ ತೋರಿಸುತ್ತಿದ್ದರು, ಮಗುವಿಗೆ ಅನ್ನ ಉಣ್ಣಿಸುವವರ ಹಾಗೆ. ಡೆಲ್ಫೀನ್ ಧ್ವನಿಯಂತ್ರದ ಹಿಂದೆ ಕೂತಿದ್ದ ಮೇಸಿಯನ್ನು ನೋಡಿದಳು. ಮೇಸಿಯ ಮುಖ ಕೆಂಪಗಾಯಿತು. ಅವಳು ಒಮ್ಮೆ ಪ್ರುವಿಟ್ ಕಡೆ ನೋಡಿದಳು, ಆಮೇಲೆ ಕೈ ಚಾಚಿ ದನಿಯನ್ನು ನಿಲ್ಲಿಸಿದಳು.

ದಾನಿಗಳೆಲ್ಲ ವೇದಿಕೆಯತ್ತ ಕತ್ತು ಚಾಚಿದರು.

"ಅ-ಅದು ನಾನಲ್ಲ," ಎಂದಳು ಡೆಲ್ಫೀನ್. "ಅದು ತೇ-ತೇಪೆ. ನಾನು ಇ-ಇವಳು. ನ-ನನ್ನ ಹೆಸರು ಡೆ... ಡೆ..."

ಬೀಗ ಬಿತ್ತು. ಕತ್ತಿನ ನರ ಎದ್ದಿತು. ಕಣ್ಣು ಮುಚ್ಚಿತು.

"ಡೆಲ್ಫೀನ್!" ಎಂದರು ಪ್ರುವಿಟ್ ಕೆಳಗಿನಿಂದ, ಸಕ್ಕರೆಯ ದನಿಯಲ್ಲಿ.

ಡೆಲ್ಫೀನ್ ಬಾಯಿ ಮುಚ್ಚಿ ಉಸಿರೆಳೆದುಕೊಂಡಳು. "ನ-ನನ್ನ ಹೆಸರು ನಾ-ನಾನೇ ಹೇಳ್ಬೇಕು ಮೇಡಂ. ನೀ-ನೀವು ಹೇಳಿದ್ರೆ ಲೆ-ಲೆಕ್ಕಕ್ಕಿಲ್ಲ. ಮೊ-ಮೊದಲಿಂದ ಶುರು ಮಾಡ್ತೀನಿ."

ಮೊದಲಿನಿಂದ ಶುರು ಮಾಡಿದಳು. ಮತ್ತೆ ಅದೇ ಜಾಗದಲ್ಲಿ ಸಿಕ್ಕಿಕೊಂಡಳು. ಯಾರೋ ಕೆಮ್ಮಿದರು. ಒಬ್ಬ ದಾನಿಯ ಹೆಂಡತಿ ಸಹಾಯ ಮಾಡಲೆಂದು ಬಾಯಿ ತೆರೆದಳು, ಗಂಡ ಮೊಣಕೈಯಿಂದ ತಿವಿದ. "ಬೇಡ, ಇನ್ನೊಂದ್ಸಲ ಮೊದಲಿಂದ ಶುರು ಮಾಡ್ತಾಳೆ."

ಆಗ ಗುಣಮುಖರ ಸಾಲಿನಿಂದ ಥಿಯೋಟಿಸ್ ಎದ್ದು ನಿಂತ.

"ಆ-ಆರಾಮಾಗಿ ಮಗಳೇ! ಬ-ಬ-ಬಸ್ಸೇನೂ ಹೊ-ಹೊರಟೋಗಲ್ಲ. ಡ್ರೈ-ಡ್ರೈವರು ಇ-ಇಲ್ಲೇ ಇದೀನಿ!"

ಸಭೆ ಘೊಳ್ಳೆಂದಿತು. ಡೆಲ್ಫೀನಳೂ ನಕ್ಕಳು. ನಗುನಗುತ್ತಲೇ ಅವಳ ಹೆಸರು ಹೊರಬಿತ್ತು, ಕೊಸರಾಡಿ, ಚೂರು ಚೂರಾಗಿ, ಆದರೆ ಪೂರ್ತಿ. ಆಮೇಲೆ ಅವಳು ಹೇಳಬೇಕಾದ್ದನ್ನು ಹೇಳಿದಳು. ಮೂರು ನಿಮಿಷದ ಮಾತಿಗೆ ಎಷ್ಟು ಹೊತ್ತು ಹಿಡಿಯಿತೋ, ಐಸ್‌ಕ್ರೀಮೆಲ್ಲ ಕರಗಿ ನೀರಾಯಿತು.

"ಇ-ಇಲ್ಲಿ ಬರೋ ಮುಂಚೆ ನಂಗೆ ದ-ದನಿ ಇತ್ತು. ಇ-ಇದೇ ದನಿ. ಬಾ-ಬಾಗಿಲಲ್ಲಿ ನನ್ನ ಚಿ-ಚಿತ್ರ ಇದೆ. ಒ-ಒಳಗೆ ನಾನು ನಿ-ನಿಮ್ಮ ಕಿ-ಕಿವಿ ಗುಗ್ಗೆ ತೊ-ತೊಳೀತೀನಿ. ಎ-ಎರಡನೇ ಸಾಲಿನಲ್ಲಿ ಕೂ-ಕೂತಿರೋ ಸಾಹೇಬ್ರೇ, ನಿ-ನಿಮ್ದು ಜಾಸ್ತಿ ಇತ್ತು."

ಯಂತ್ರ ಅಲ್ಲಾಡಿಸಿದ್ದ ಮುದುಕ ತಲೆಯಾಡಿಸಿ ಒಪ್ಪಿಕೊಂಡ.

"ನಾ-ನಾನು ಉ-ಉಗ್ಗೋರ ಜೊತೆ ಕೂ-ಕೂತು ಕೆಲ್ಸ ಮಾ-ಮಾಡಬೇಕು ಅಂತ ಬಂದೆ. ಒ-ಒಬ್ಬರನ್ನೂ ಕೊಟ್ಟಿಲ್ಲ. ಉ-ಉಗ್ಗು ಹೋಗಲಿ, ಆ-ಆಮೇಲೆ ಅಂತಾರೆ. ಇದು ಹೋ-ಹೋಗಲ್ಲ. ನಾ-ನಾನೂ ಹೋಗಲ್ಲ. ಈ ಬ-ಬಹುಮಾನ ಸ್ಪೀ-ಸ್ಪೀಕರ್‌ಗೆ ಕೊಡಿ. ಚೆ-ಚೆನ್ನಾಗಿ ಮಾತಾಡ್ತು."

ಅವಳು ಇಳಿದು ಬಂದಳು. ಚಪ್ಪಾಳೆ ಬಂತೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ. ಅವ್ವ ಟೋಪಿಯನ್ನು ಹಣೆಯ ಮೇಲಕ್ಕೆ ತಳ್ಳಿಕೊಂಡು, ತಟ್ಟೆಯಲ್ಲಿ ಉಳಿದಿದ್ದ ಕೋಳಿ ತೊಡೆಗಳನ್ನೆಲ್ಲ ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ತುಂಬುತ್ತಿದ್ದಳು.

"ಬಾರೇ ಓಗಣ," ಎಂದಳು. "ಬಗುಮಾನ ಬುಟ್ಟೆ. ಊಟಾನಾದ್ರೂ ತಕೊಂಡೋಗಣ."

ಡೆಲ್ಫೀನಳ ಅಸಿಸ್ಟೆಂಟ್‌ಶಿಪ್ ಆ ತಿಂಗಳೇ ಹೋಯಿತು. ಫೋನು ಕರೆಗಳ ಗುಣಮಟ್ಟ ತೃಪ್ತಿಕರವಾಗಿಲ್ಲ ಎಂಬುದು ಕಾರಣ. ಬಾಗಿಲಿನ ಚಿತ್ರ ಇಳಿಯಿತು, ಆ ಜಾಗದಲ್ಲಿ ಸೂರ್ಯೋದಯದ ಚಿತ್ರ ಬಂತು. ಸೂರ್ಯ ಮಾತಾಡುವುದಿಲ್ಲ. ಮೇಸಿಗೆ ಕಿವಿ ತೊಳೆಯುವ ಕೆಲಸ ಬಿತ್ತು. ಅವಳು ಒಂದು ವಾರ ತೊಳೆದು, ಬಿರಿದ ಕೈಗಳನ್ನು ಡೆಲ್ಫೀನಳಿಗೆ ತೋರಿಸಿ, "ಇದನ್ನ ನೀನು ಹೇಗೆ ಮಾಡ್ತಿದ್ದೆಯೇ?" ಎಂದು ಅತ್ತಳು. ಡೆಲ್ಫೀನ್ ಅವಳಿಗೆ ಮುಲಾಮಿನ ಹೆಸರು ಹೇಳಿದಳು. ಬೇರೆ ಸಮಾಧಾನವನ್ನೇನೂ ಹೇಳಲಿಲ್ಲ.

ಫೀಸು ಕಟ್ಟಲು ಡೆಲ್ಫೀನ್ ಕೋಳಿ ಕರಿಯುವ ಅಂಗಡಿಗೆ ಸೇರಿದಳು. ಮುಂಗೈಯ ಮೇಲೆ ಎಣ್ಣೆ ಸಿಡಿದ ಚುಕ್ಕೆಗಳಾದವು. ಆದರೆ ಆ ದಿನ ಸಭೆಯಲ್ಲಿದ್ದವರ ಜೇಬಿನಲ್ಲೆಲ್ಲ ಫೋನುಗಳಿದ್ದವು. ಬಾಯಿ ಮುಚ್ಚಿ ನಿಂತ ಹುಡುಗಿ ಮತ್ತು ಮಾತಾಡುವ ಸ್ಪೀಕರು ಊರೆಲ್ಲ ತಿರುಗಿದರು. ಕಾಲೇಜಿನ ಮುಖ್ಯಸ್ಥರಾದ ಡೀನ್ ಸಾಹೇಬರು ಅದನ್ನು ತಮ್ಮ ಮಗಳ ಫೋನಿನಲ್ಲಿ ನೋಡಿದರಂತೆ. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ಕೋರ್ಟಿನ ಮೇಲಿನ ಭಯದಿಂದ, ಆ ಹುಡುಗಿಗೆ ರೋಗಿಗಳನ್ನು ಕೊಡಿ ಎಂದು ಪ್ರುವಿಟ್‌ಗೆ ಅಪ್ಪಣೆಯಾಯಿತು. ಕಿತ್ತುಕೊಂಡ ಅಸಿಸ್ಟೆಂಟ್‌ಶಿಪ್ ಬಗ್ಗೆ ಡೀನ್ ತುಟಿ ಪಿಟಕ್ಕೆನ್ನಲಿಲ್ಲ. ಅವರ ಪರವಾಗಿ ಮಾತಾಡುವ ಸ್ಪೀಕರು ಇನ್ನೂ ಬಂದಿರಲಿಲ್ಲವೇನೋ.

ಯಾರನ್ನು ಕೊಡುವುದೆಂದು ಪ್ರುವಿಟ್ ಯೋಚಿಸುವಷ್ಟರಲ್ಲಿ ಥಿಯೋಟಿಸ್ ಬಂದು ಕಾಯುವ ಕೋಣೆಯಲ್ಲಿ ಕೂತಿದ್ದ. ಮೇಸಿ ಬಂದು ಕರೆದರೆ ಏಳಲಿಲ್ಲ. ನಾಳೆ ಬನ್ನಿ ಎಂದರೆ ಮರುದಿನ ಬಂದು ಮತ್ತೆ ಕೂತ. ಬಸ್ಸಿನ ಮೇಲಧಿಕಾರಿ ಅವನನ್ನು ಇನ್ನೂ ಶೆಡ್ಡಿಗೆ ಕಳಿಸಿರಲಿಲ್ಲ, ನೋಟಿಸು ಮಾತ್ರ ಕೊಟ್ಟಿದ್ದ.

ಹೀಗೆ ಉಗ್ಗುವವರೊಬ್ಬರ ಜೊತೆ ಡೆಲ್ಫೀನಳ ಮೊದಲ ತಾಸು ಬಂತು. ಪುಟ್ಟ ಕೋಣೆ, ಎದುರುಬದುರು ಎರಡು ಕುರ್ಚಿ. ಮೂಲೆಯಲ್ಲಿ ಮೂರನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಪ್ರುವಿಟ್, ಮೇಲ್ವಿಚಾರಣೆಗೆ. ಕೋಳಿ ಎಣ್ಣೆಯ ವಾಸನೆ ತನ್ನ ಕೂದಲಿನಿಂದ ಬರುತ್ತಿದೆಯೆಂದು ಡೆಲ್ಫೀನಳಿಗೆ ಗೊತ್ತಿತ್ತು. ಬರಲಿ ಎಂದುಕೊಂಡಳು. ಥಿಯೋಟಿಸ್ ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾದ.

"ಮಿ-ಮಿಸ್ಟರ್ ಥಿಯೋಟಿಸ್," ಎಂದು ಡೆಲ್ಫೀನ್ ಶುರು ಮಾಡಿದಳು. "ಉ... ಉ... ಉ..."

ಪದ ಕಚ್ಚಿಕೊಂಡಿತು. ಮೂಲೆಯ ಕುರ್ಚಿ ಕಿರುಗುಟ್ಟಿತು.

"ಉಸಿರಾಟ," ಎಂದರು ಪ್ರುವಿಟ್. "ಉಸಿರಾಟದ ಬಗ್ಗೆ ಕೇಳ್ತಾ ಇದಾಳೆ ನಿಮ್ಮನ್ನ."

ಥಿಯೋಟಿಸ್ ತನ್ನ ದಢೂತಿ ಮೈಯನ್ನು ಕುರ್ಚಿಯ ಸಮೇತ ಅವರ ಕಡೆ ತಿರುಗಿಸಿದ. ಅವನಿಗೇನೂ ಅವಸರವಿರಲಿಲ್ಲ.

"ತಾ-ತಾಯೀ," ಎಂದ. "ಅ-ಅವಳು ಮಾ-ಮಾ-ಮಾತಾಡ್ತಾ ಇದಾಳೆ. ಸು-ಸುಮ್ನಿರಿ."

ಪ್ರುವಿಟ್ ಬಾಯಿ ತೆರೆದರು. ಏನೋ ಹೇಳಬೇಕೆಂದಿದ್ದರು, ಆದರೆ ಆ ಪದ ಅವರಿಗೆ ಸಿಗಲಿಲ್ಲ. ಯಾರೂ ಹುಡುಕಿಕೊಡಲಿಲ್ಲ. ಥಿಯೋಟಿಸ್ ಮತ್ತೆ ಡೆಲ್ಫೀನಳ ಕಡೆ ತಿರುಗಿ, ಟೋಪಿಯನ್ನು ಸರಿಯಾಗಿ ಇಟ್ಟುಕೊಂಡು, ಕಾಯುತ್ತ ಕೂತ. ಪ್ರುವಿಟ್‌ರೂ ಕಾಯಬೇಕಾಯಿತು. ಡೆಲ್ಫೀನ್ ಯಾರ ಮುಖವನ್ನೂ ತಪ್ಪಿಸಲಿಲ್ಲ, ಕಣ್ಣು ಮುಚ್ಚಲಿಲ್ಲ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

"ಊ-ಊಟ ಆಯ್ತಾ?" ಎಂದು ಕೇಳಿದಳು.